ಕುಂಯ್‌ಗುಡದ ಪೆನ್ನು

"ಚಪಾತಿ ಲಟ್ಟಿಸೋವಾಗ ನೋಯದ ಕೈ, ಬರೆಯೋವಾಗ ಮಾತ್ರ ಯಾಕೆ ನೋಯತ್ತೋ ಯಶು? ನನಗಂತೂ ಅರ್ಥ ಆಗಲ್ಲಪ್ಪ."

ಪ್ರೇಮಕುಮಾರಿ ಮಾತಾಡಿದ್ದು ಮಗ ಯಶವಂತನ ಜೊತೆ. ಕೇಳಿಸಬೇಕಾಗಿದ್ದದ್ದು ಸೊಸೆ ವಂದನಾಗೆ. ಜರ್ಮನಿಯ ಬೊಬ್ಲಿಂಗೆನ್ನಿನ ಆ ಮೂರನೆಯ ಮಹಡಿಯ ಮನೆಯಲ್ಲಿ ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆ ಇರಲಿಲ್ಲವಾದ್ದರಿಂದ ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ಆದರೆ ಪಿಸುಗುಟ್ಟುವುದು ಪ್ರೇಮಕುಮಾರಿಗೆ ಬರುವ ವಿದ್ಯೆಯಲ್ಲ.

ವಂದನಾ ಲಟ್ಟಣಿಗೆ ನಿಲ್ಲಿಸಲಿಲ್ಲ. "ಕಾಯಿಲೆನೇ ಹಾಗೆ ಅತ್ತೆ. ಬೇರೆ ಎಲ್ಲಾ ಕೆಲಸಕ್ಕೂ ಕೈ ಸರಿಯಾಗಿರತ್ತೆ. ಪೆನ್ನು ಹಿಡಿದ್ರೆ ಮಾತ್ರ ಬೆರಳು ಸೆಟೆದುಕೊಳ್ಳತ್ತೆ. ನ್ಯೂರಾಲಜಿಸ್ಟ್ ಬರೆದುಕೊಟ್ಟಿದಾರಲ್ಲ."

"ಕೆಲಸ ನೋಡ್ಕೊಂಡು ಬರೋ ಕಾಯಿಲೆ! ನಮ್ಮ ಆಫೀಸಲ್ಲೂ ಒಬ್ಬ ಇದ್ದ, ಫೈಲು ಕಂಡ್ರೆ ಮಾತ್ರ ಅವನಿಗೆ ಚಳಿಜ್ವರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಹನ್ನೊಂದು ವರ್ಷದ ಮೊಮ್ಮಗಳು ಕೀರ್ತಿ ಈ ಗಾದೆಯನ್ನು ಹೊಸದಾಗಿ ಕೇಳಿ ಫಕ್ಕನೆ ನಕ್ಕಳು. ವಂದನಾ ಚಪಾತಿಯನ್ನು ಕಾವಲಿಯ ಮೇಲೆ ಎಸೆದಳು.

"ಅಮ್ಮಾ, ಬಿಸಿ ಇದ್ದಾಗಲೇ ತಿನ್ನು," ಎಂದು ಯಶವಂತ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅಮ್ಮನಿಗೂ ಹೆಂಡತಿಗೂ ನಡುವೆ ತಟ್ಟೆ ತಳ್ಳುವುದೇ ಅವನ ರಾಜನೀತಿ.

ನಿಜ ಹೇಳಬೇಕೆಂದರೆ ಪ್ರೇಮಕುಮಾರಿ ಮೈಸೂರಿನಿಂದ ಬಂದಿದ್ದೇ ಸೊಸೆಗೆ ಸಹಾಯವಾಗಲಿ ಎಂದು. ಆಗಸ್ಟಿನಲ್ಲಿ ಎರಡು ಸೂಟ್‌ಕೇಸು ತುಂಬ ಸಾರಿನಪುಡಿ, ಹುಣಿಸೆಹಣ್ಣು, ಹಪ್ಪಳ ಹೊತ್ತು ತಂದಿದ್ದರು. ಅಡುಗೆ ನಾನು ನೋಡ್ಕೋತೀನಿ, ನೀನು ಓದ್ಕೋ ಎಂದಿದ್ದರು. ಓದುವುದರಲ್ಲಿ ವಂದನಾಗೆ ತೊಂದರೆ ಇರಲಿಲ್ಲ. ಮನೆಯಲ್ಲಿ ಕೂತು ಕೂತು ಸಾಕಾಗಿ, ಜರ್ಮನ್ ಕಲಿತು, ಮೂವತ್ತೈದು ದಾಟಿದ ಮೇಲೆ ಮೂರು ವರ್ಷದ ನರ್ಸಿಂಗ್ ತರಬೇತಿ, ಇಲ್ಲಿಯವರ ಔಸ್‌ಬಿಲ್ಡುಂಗ್‌ಗೆ ಸೇರಿದವಳು ಅವಳು. ವಾರ್ಡಿನಲ್ಲಿ ರೋಗಿಗೆ ಕೊಟ್ಟ ಒಂದು ಲೋಟ ನೀರನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ದೇಶ ಇದು. ಕೊನೆಯ ಪರೀಕ್ಷೆ ಮಾತ್ರ ಕೈಬರಹ. ಏಪ್ರಿಲ್‌ನಲ್ಲಿ ಮೂರು ಪತ್ರಿಕೆಗಳಲ್ಲಿ ಎರಡು ಪಾಸಾದವು. ಮೂರನೆಯದರಲ್ಲಿ ಅರ್ಧಕ್ಕೇ ಕೈ ನಿಂತುಹೋಯಿತು. ಇನ್ನುಳಿದದ್ದು ಒಂದೇ ಅವಕಾಶ, ಅಕ್ಟೋಬರ್ ಆರು, ಸೋಮವಾರ. ಅದೂ ಹೋದರೆ ಮೂರು ವರ್ಷ ನೀರಿನಲ್ಲಿ ಮಾಡಿದ ಹೋಮ.

ಕೈ ತೊಂದರೆ ಇರುವವರು ಮೊದಲೇ ಅರ್ಜಿ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಬರೆಯಲು ಬಿಡುತ್ತಾರೆ ಎಂದು ಜೂನ್‌ನಲ್ಲಿ ಶಾಲೆಯವರೇ ಹೇಳಿದ್ದರು. ಆಗ ಪ್ರೇಮಕುಮಾರಿ ಫೋನಿನಲ್ಲಿ, "ಕೈ ಸರಿಯಿಲ್ಲ ಅಂತ ಸರ್ಕಾರದ ಕಾಗದದಲ್ಲಿ ನೀನೇ ಬರೆಸ್ಕೊಂಡ್ರೆ, ನಾಳೆ ಇಂಜೆಕ್ಷನ್ ಕೊಡೋ ಕೆಲಸ ಯಾರು ಕೊಡ್ತಾರೆ?" ಎಂದುಬಿಟ್ಟರು. ಯಶವಂತನಿಗೆ ಹೌದೆನಿಸಿತು. ವಂದನಾಗೆ ಹೆದರಿಕೆಯಾಯಿತು. ಅರ್ಜಿಯ ಗಡುವು ದಾಟಿತು. ಈಗ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇದ್ದದ್ದರಿಂದಲೇ ಅದು ದಿನಾ ಊಟಕ್ಕೆ ಬಂದು ಎಲ್ಲರ ಜೊತೆ ಕೂರುತ್ತಿತ್ತು.

ಆಗಸ್ಟ್ ಕೊನೆಯಲ್ಲಿ ವಂದನಾ ಒಂದು ದಪ್ಪನೆಯ ಪೆನ್ನು ತಂದಳು. ಅವಳ ಕೈಗೆ ಅಭ್ಯಾಸ ಹೇಳಿಕೊಡುತ್ತಿದ್ದ ಥೆರಪಿಸ್ಟ್ ಫ್ರಾವ್ ಹೇಗೆಲೆ ಪರೀಕ್ಷೆಯವರೆಗೆ ಬಳಸಲು ಕೊಟ್ಟದ್ದು. ಪೆನ್ನಿನೊಳಗೆ ಸೆನ್ಸರ್ ಇತ್ತು. ಹದವಾಗಿ ಹಿಡಿದರೆ ಸುಮ್ಮನಿರುತ್ತದೆ. ಬಿಗಿಯಾಗಿ ಹಿಡಿದರೆ ಬಾಗಿಲಿಗೆ ಬಾಲ ಸಿಕ್ಕಿದ ನಾಯಿಮರಿಯ ಹಾಗೆ ಕುಂಯ್‌ಗುಡುತ್ತದೆ. ಎಷ್ಟು ಬಿಗಿ ಹಿಡಿದರೆ ಕೂಗಬೇಕು ಎನ್ನುವ ಮಿತಿಯನ್ನು ಫೋನಿನಲ್ಲಿ ಒಂದರಿಂದ ಹತ್ತರವರೆಗೆ ಇಡಬಹುದು. ಫ್ರಾವ್ ಹೇಗೆಲೆ ಮೂರಕ್ಕೆ ಇಟ್ಟು, ದಿನಕ್ಕೆ ಇಪ್ಪತ್ತು ನಿಮಿಷ ಬರೆಯಿರಿ ಎಂದು ಹೇಳಿ, ಸೆಪ್ಟೆಂಬರ್ ಪೂರ್ತಿ ರಜೆಗೆ ಹೊರಟುಹೋದರು.

ಪೆನ್ನಿನ ಜೊತೆ ಇನ್ನೊಂದು ಮನೆಗೆಲಸವೂ ಬಂದಿತ್ತು. ಒಂದು ಬೆಳಿಗ್ಗೆ ಪ್ರೇಮಕುಮಾರಿ ಎದ್ದು ಬಂದು ನೋಡಿದರೆ, ಸೊಸೆ ಕಣ್ಣು ಮುಚ್ಚಿ ಪಾತ್ರೆಯೊಳಗೆ ಕೈ ಇಳಿಬಿಟ್ಟು ಕೂತಿದ್ದಾಳೆ. ಪಾತ್ರೆಯಲ್ಲಿ ಕಡಲೆ, ಹೆಸರು, ಉದ್ದು, ಮೆಂತ್ಯ ಎಲ್ಲಾ ಒಂದಾಗಿವೆ.

"ಅಯ್ಯೋ, ಏನೇ ಇದು! ಸ್ಟುಟ್‌ಗಾರ್ಟಿಂದ ಹೊತ್ಕೊಂಡು ಬಂದ ಕಾಳು!"

"ಮುಟ್ಟಿ ಯಾವ ಕಾಳು ಅಂತ ಹೇಳಬೇಕು ಅತ್ತೆ. ಬೆರಳಿಂದ ತಲೆಗೆ ಹೋಗೋ ಸುದ್ದಿ ಹೀಗೇ ಕಲಸಿಹೋಗಿದೆಯಂತೆ. ಅದನ್ನ ಬಿಡಿಸೋಕೆ."

"ಅದು ಬಿಡಿಸ್ಕೊಳ್ಳತ್ತೆ. ಇದನ್ನ ಯಾರು ಆರಿಸ್ತಾರೆ?"

ಆರಿಸಿದ್ದು ಪ್ರೇಮಕುಮಾರಿಯೇ. ಗೊಣಗುತ್ತಾ ಗೊಣಗುತ್ತಾ ನಾಲ್ಕು ಡಬ್ಬಿಗೆ ಆರಿಸಿಟ್ಟರು. ಮರುದಿನ ಸೊಸೆ ಮತ್ತೆ ಕಲಸಿದಳು.

ಪೆನ್ನಿನ ಮೇಲೆ ಅವರಿಗೆ ಇನ್ನೂ ದೊಡ್ಡ ಸಿಟ್ಟು. ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ಕೈ ಅವರದು. ಮೂರು ಕಾರ್ಬನ್ ಇಟ್ಟು ಬರೆದರೆ ನಾಲ್ಕನೆಯ ಪ್ರತಿಯಲ್ಲೂ ಅಕ್ಷರ ಮುತ್ತು ಪೋಣಿಸಿದಂತೆ ಮೂಡಬೇಕು. ಈಗಲೂ ದಿನಕ್ಕೊಂದು ಪುಟ ರಾಮಕೋಟಿ ಬರೆಯುತ್ತಿದ್ದರು. ಹಾಳೆ ತಿರುಗಿಸಿ ಸವರಿದರೆ ಶ್ರೀರಾಮ ಬೆರಳಿಗೆ ಸಿಗುತ್ತಿದ್ದ. "ಒತ್ತಿ ಬರಿ, ಅಕ್ಷರ ನಿಲ್ಲತ್ತೆ. ನಿನ್ನದು ಕಾಗೆಕಾಲು ಗುಬ್ಬಿಕಾಲು," ಎಂದು ಸೊಸೆಗೆ ಹೇಳುತ್ತಲೇ ಬಂದಿದ್ದರು. ಹಾಗಿರುವಾಗ ಒತ್ತಿದರೆ ಕೂಗುವ ಪೆನ್ನೆಂದರೆ!

"ಕೊಡಿಲ್ಲಿ," ಎಂದು ಒಂದು ಸಂಜೆ ಕಿತ್ತುಕೊಂಡು 'ಶ್ರೀ' ಬರೆಯಲು ಹೊರಟರು. 'ಶ' ಮುಗಿಯುವ ಮೊದಲೇ ಪೆನ್ನು ಕಿರುಚಿಕೊಂಡಿತು.

"ಥೂ, ಇದೇ ಸರಿಯಿಲ್ಲ."

"ಅಜ್ಜಿ," ಎಂದಳು ಕೀರ್ತಿ, "ಕುಣಿಯಲಾರದವಳು..."

"ಮುಚ್ಚೇ ಬಾಯಿ!"

ಅಂದು ವಂದನಾ ಕೂಡ ನಕ್ಕಳು. ಆದರೆ ಆ ನಗು ವಾರ ನಿಲ್ಲಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕುಂಯ್, ಸಂಜೆ ಸಾರು ಕುದಿಯುವ ಹೊತ್ತಿಗೆ ಕುಂಯ್. ಯಶವಂತ ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಮೀಟಿಂಗಿನಲ್ಲಿದ್ದವರು ನಾಯಿ ಸಾಕಿದ್ದೀಯಾ ಎಂದು ಕೇಳಿದರು. ಒಂದು ಸಂಜೆ ವಂದನಾ ಒಂದೇ ಸಾಲನ್ನು ಎಂಟು ಸಲ ಬರೆದಳು, ಎಂಟು ಸಲವೂ ಪೆನ್ನು ಕೂಗಿತು. ಅವಳು ಅದನ್ನು ಸೋಫಾದ ಮೇಲೆ ಬಿಸುಟು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿಯ ಸದ್ದಿನಲ್ಲೂ ಅಳು ಕೇಳಿಸುತ್ತಿತ್ತು. ಯಶವಂತ ಬಾಗಿಲ ಮುಂದೆ ನಿಂತಿದ್ದ. ಪ್ರೇಮಕುಮಾರಿ ಒಲೆ ಆರಿಸಿ, "ಯಾರಿಗೆ ಬೇಕೋ ಈ ಪಾಡು! ಬಿಟ್ಟುಬಿಡು ಅನ್ನು ಅವಳಿಗೆ," ಎಂದರು.

ಅದಾದ ಎರಡು ಮೂರು ದಿನಕ್ಕೆ ಪೆನ್ನಿನ ಕೂಗು ತಗ್ಗಿತು. ಇನ್ನೆರಡು ದಿನಕ್ಕೆ ನಿಂತೇಹೋಯಿತು.

ಮನೆಯ ಬಣ್ಣವೇ ಬದಲಾಯಿತು. ವಂದನಾ ಬೆಳಿಗ್ಗೆ ಹಾಡು ಗುನುಗಿಕೊಂಡು ಕಾಫಿ ಬೆರೆಸಿದಳು. ಕಾಳಿನ ಪಾತ್ರೆ ಮೂಲೆ ಸೇರಿತು, ಇನ್ನು ಅದು ಬೇಕಿಲ್ಲವಂತೆ. ಪ್ರೇಮಕುಮಾರಿಗೂ ಮನಸ್ಸು ಮೆತ್ತಗಾಗಿ, ಮೆಟ್ಟಿಲು ಗುಡಿಸುವ ಕೇರ್‌ವೋಖೆಯ ಸರದಿ ಬಂದಾಗ ಸೊಸೆಯ ಕೈಯಿಂದ ಪೊರಕೆ ಇಸಕೊಂಡು ಮೂರು ಮಹಡಿಯ ಮೆಟ್ಟಿಲನ್ನೂ ತಾವೇ ತೊಳೆದರು. ನೀರು ಸುರಿದು ತೊಳೆದದ್ದಕ್ಕೆ ಕೆಳಗಿನ ಮನೆಯ ಮುದುಕಿ ಬಂದು ಜಗಳ ಮಾಡಿದಳು. ಯಾವ ಭಾಷೆಯಲ್ಲಿ ಬೈದರೂ ಪ್ರೇಮಕುಮಾರಿ ನಗುತ್ತಲೇ "ಗೂಟನ್ ಟಾಗ್" ಎಂದು ನಮಸ್ಕರಿಸಿದರು. ಅಷ್ಟು ನೆಮ್ಮದಿ.

ಶುಕ್ರವಾರ, ಸೆಪ್ಟೆಂಬರ್ ಇಪ್ಪತ್ತಾರು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಪ್ರೇಮಕುಮಾರಿ ರಾಮಕೋಟಿಗೆ ಕೂತರು. ಮೇಜಿನ ಮೇಲೆ ಆ ಪೆನ್ನು ಇತ್ತು. ವಂದನಾ ಬೆಳಿಗ್ಗೆ ಬರೆದು ಹಾಗೇ ಬಿಟ್ಟುಹೋಗಿದ್ದಳು, ಜೋಡಿಸಿದ ಹಳೆಯ ಫೋನೂ ಪಕ್ಕದಲ್ಲಿತ್ತು. ಸೊಸೆಗೆ ಬಂದ ವಿದ್ಯೆ ನನಗೆ ಬಾರದೇ ಎಂದು ಅವರು ಪೆನ್ನು ಹಿಡಿದು ಒಂದು ಶ್ರೀರಾಮ ಬರೆದರು. ಸದ್ದಿಲ್ಲ. ಎರಡು, ಮೂರು. ಸದ್ದಿಲ್ಲ! ಪ್ರೇಮಕುಮಾರಿಗೆ ಆದ ಹಿಗ್ಗು ಹೇಳತೀರದು. ನೋಡಿ ನೋಡಿಯೇ ಕಲಿತೆನಲ್ಲ ಎಂದು ಒಂದು ಸಾಲು ಮುಗಿಸಿದರು. ಆಮೇಲೆ ಅಭ್ಯಾಸದಂತೆ ಹಾಳೆ ತಿರುಗಿಸಿ ಸವರಿದರು. ಶ್ರೀರಾಮ ಎಂದಿನಂತೆ ಬೆರಳಿಗೆ ಸಿಕ್ಕ.

ಅವರು ಮತ್ತೆ ಪೆನ್ನು ಹಿಡಿದು, ನಾಲ್ಕು ಕಾರ್ಬನ್ ಕೆಳಗಿದೆಯೋ ಎಂಬಂತೆ ಒತ್ತಿದರು. ಸದ್ದಿಲ್ಲ. ಮುಷ್ಟಿಯಲ್ಲಿ ಹಿಡಿದು ಹಿಂಡಿದರು. ಪೆನ್ನು ಸತ್ತ ಹಾಗೆ ಬಿದ್ದಿತ್ತು.

ಶಾಲೆಯಿಂದ ಬಂದ ಕೀರ್ತಿಯನ್ನು ಬಾಗಿಲಲ್ಲೇ ಹಿಡಿದು ಕೇಳಿದರು. "ಇದು ಕೆಟ್ಟುಹೋಗಿದೆಯಾ ನೋಡೇ."

ಕೀರ್ತಿ ಫೋನು ನೋಡಿದಳು. "ಇಲ್ಲ ಅಜ್ಜಿ. ಕೆಟ್ಟಿಲ್ಲ. ಮಿತಿ ಒಂಬತ್ತಿದೆ."

"ಮೂರಿತ್ತಲ್ಲ? ಯಾರು ಮಾಡಿದ್ದು?"

"ಪಪ್ಪಾ ಇರಬೇಕು. ಅವರೇ ತಾನೇ ಫೋನ್ ಸೆಟ್ ಮಾಡಿದ್ದು."

ಬಟ್ಟೆ ಒಗೆಯುವ ಮೆಷಿನ್ನು ಇದ್ದದ್ದು ನೆಲಮಾಳಿಗೆಯಲ್ಲಿ. ಸಂಜೆ ಬಟ್ಟೆ ತುಂಬಲು ಹೋದ ಮಗನ ಹಿಂದೆಯೇ ಪ್ರೇಮಕುಮಾರಿ ಇಳಿದರು. ಯಶವಂತ ಮೊದಲು ತಡವರಿಸಿದ. ಆಮೇಲೆ ಒಪ್ಪಿಕೊಂಡ.

"ಅವಳು ದಿನಾ ಅಳೋದು ನೋಡೋಕೆ ಆಗ್ತಿರ್ಲಿಲ್ಲಮ್ಮ. ಸ್ವಲ್ಪ ಸ್ವಲ್ಪ ಏರಿಸಿದೆ. ಕೂಗದಿದ್ರೆ ಧೈರ್ಯ ಬರತ್ತೆ, ಧೈರ್ಯ ಬಂದ್ರೆ ಕೈ ತಾನಾಗೇ ಸಡಿಲ ಆಗತ್ತೆ ಅಂದ್ಕೊಂಡೆ. ನಮ್ಮ ಕಾರಿನ ಕೆಲಸದಲ್ಲೂ ಸೆನ್ಸರ್ ಸುಮ್ಸುಮ್ನೆ ಕೂಗ್ತಿದ್ರೆ ಮಿತಿ ಏರಿಸ್ತೀವಿ."

"ಸುಮ್ಸುಮ್ನೆ ಕೂಗಿದ್ರೆ ಸರಿ. ಬ್ರೇಕೇ ಹಾಳಾಗಿದ್ರೂ ಎಚ್ಚರಿಕೆ ದೀಪ ಆರಿಸಿಬಿಡ್ತೀಯೇನೋ?"

ಯಶವಂತ ಕೊಳೆ ಸಾಕ್ಸು ಕೈಯಲ್ಲಿ ಹಿಡಿದು ನಿಂತ. "ಈಗ ಹೇಳಬೇಡಮ್ಮ. ಇನ್ನು ಹತ್ತೇ ದಿನ. ಈಗ ಗೊತ್ತಾದ್ರೆ ಇರೋ ಧೈರ್ಯನೂ ಹೋಗತ್ತೆ. ಪರೀಕ್ಷೆ ಮುಗೀಲಿ, ನಾನೇ ಹೇಳ್ತೀನಿ."

ಆ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವ ಹಾಗಿರಲಿಲ್ಲ. ಹೇಳಿದರೆ ಕೈ ಹೆದರುತ್ತದೆ. ಹೇಳದಿದ್ದರೆ ಕೈ ಮೋಸ ಹೋಗುತ್ತದೆ. ಶನಿವಾರವೆಲ್ಲ ಪ್ರೇಮಕುಮಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿದರು. ಸಂಜೆ ವಂದನಾ ಬರೆಯುತ್ತಾ ನಡುನಡುವೆ ಬೆರಳನ್ನು ಕೊಡವುತ್ತಿದ್ದಳು. ಪ್ರೇಮಕುಮಾರಿ, "ನೋಯ್ತಿದೆಯೇನೇ?" ಎಂದರೆ, "ಸ್ವಲ್ಪ. ಏನಿಲ್ಲ ಬಿಡಿ ಅತ್ತೆ, ಪೆನ್ನು ಸುಮ್ಮನಿದೆಯಲ್ಲ," ಎಂದಳು.

ಭಾನುವಾರ ಅಕ್ಕಿರೊಟ್ಟಿ. ಎಲ್ಲರೂ ಮೇಜಿಗೆ ಕೂತಿದ್ದರು. ವಂದನಾ, "ಬುಧವಾರ ಫ್ರಾವ್ ಹೇಗೆಲೆ ಬರ್ತಾರೆ. ಪೆನ್ನು ವಾಪಸ್ ಕೊಟ್ಟುಬಿಡ್ತೀನಿ. ಇನ್ನು ಬೇಡ," ಎಂದಳು.

"ಕೊಡಬೇಡ," ಎಂದರು ಪ್ರೇಮಕುಮಾರಿ.

"ಅಮ್ಮಾ, ರೊಟ್ಟಿ..." ಯಶವಂತ ತಟ್ಟೆಗೆ ಕೈ ಹಾಕಿದ.

"ತಟ್ಟೆ ಬಿಡೋ!" ಪ್ರೇಮಕುಮಾರಿ ಗದರಿದರು. "ವಂದನಾ, ಆ ಪೆನ್ನು ಸುಳ್ಳು ಹೇಳ್ತಿದೆ. ಯಶು ಅದರ ಮಿತೀನ ಒಂಬತ್ತಕ್ಕೆ ಏರಿಸಿದಾನೆ. ನಾನು ಮುಷ್ಟಿಲಿ ಹಿಡಿದು ಹಿಂಡಿದ್ರೂ ಅದು ಕುಂಯ್ ಅನ್ನಲ್ಲ."

ವಂದನಾ ಗಂಡನನ್ನು ನೋಡಿದಳು. ಅವನ ಮುಖದಲ್ಲೇ ಉತ್ತರವಿತ್ತು. ಅವಳು ಎದ್ದು ಫೋನು ತಂದು ಮೂರಕ್ಕೆ ಇಳಿಸಿ, ಪೇಪರ್ ನ್ಯಾಪ್‌ಕಿನ್ನಿನ ಮೇಲೆ ತನ್ನ ಹೆಸರು ಬರೆಯತೊಡಗಿದಳು. ಮೊದಲ ಅಕ್ಷರಕ್ಕೇ ಪೆನ್ನು ಬೊಬ್ಬೆ ಹೊಡೆಯಿತು.

"ಹದಿನೈದು ದಿನ!" ಅವಳು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಕೈ ನೋವು ಅಂತಿತ್ತು ಯಶ್. ಪೆನ್ನು ಇಲ್ಲ ಅಂತಿತ್ತು. ನಾನು ಪೆನ್ನನ್ನ ನಂಬಿದೆ."

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ಏನು ಅಂತ ನನ್ನನ್ನ ಬಿಟ್ಟು ಈ ಮನೇಲಿ ಎಲ್ಲರಿಗೂ ಗೊತ್ತು! ಅರ್ಜಿ ಬೇಡ ಅಂದ್ರಿ, ನನ್ನ ಒಳ್ಳೇದಕ್ಕೆ. ಒತ್ತಿ ಬರಿ ಅಂದ್ರಿ, ನನ್ನ ಒಳ್ಳೇದಕ್ಕೆ. ಈಗ ಇದು." ಅವಳು ಅತ್ತೆಯ ಕಡೆ ತಿರುಗಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ಇವತ್ತು ಭಾನುವಾರ."

"ಹೂಂ. ಎರಡು ದಿನ ನಾನೂ ಬಾಯಿ ಮುಚ್ಕೊಂಡಿದ್ದೆ," ಎಂದರು ಪ್ರೇಮಕುಮಾರಿ. "ಜೂನಲ್ಲಿ ಅರ್ಜಿ ಬೇಡ ಅಂದವಳೂ ನಾನೇ. ತಪ್ಪಾಯ್ತು ಕಣೇ."

ವಂದನಾ 'ಪರವಾಗಿಲ್ಲ' ಎನ್ನಲಿಲ್ಲ. ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು.

ಆ ಎಂಟು ದಿನ ಮನೆಯಲ್ಲಿ ಮಾತಿಗಿಂತ ಪೆನ್ನಿನ ಕೂಗೇ ಹೆಚ್ಚು. ವಂದನಾ ಗಂಡನ ಜೊತೆ ಉಪ್ಪು, ನೀರು, ಕೀಲಿಕೈಗಷ್ಟೇ ಮಾತಾಡಿದಳು. ಯಶವಂತ ಮೀಟಿಂಗ್ ಮುಗಿಸಿ ಬಂದು ತರಕಾರಿ ಹೆಚ್ಚಿದ, ಪಾತ್ರೆ ತೊಳೆದ. ಅನ್ನ ಎರಡು ಸಲ ತಳ ಹಿಡಿಯಿತು, ಯಾರೂ ಸೊಲ್ಲೆತ್ತಲಿಲ್ಲ. ಕಾಳಿನ ಪಾತ್ರೆಯನ್ನು ಮೂಲೆಯಿಂದ ಈಚೆ ತಂದದ್ದು ಪ್ರೇಮಕುಮಾರಿ. ಆರಿಸಿಟ್ಟ ನಾಲ್ಕೂ ಡಬ್ಬಿಗಳನ್ನು ತಾವೇ ಅದಕ್ಕೆ ಸುರಿದರು.

"ಕಣ್ಣು ಮುಚ್ಚು. ಇದು ಯಾವುದು?"

"ಕಡಲೆ."

"ಇದು?"

"ಹೆಸರು... ಅಲ್ಲ, ಉದ್ದು."

"ಹಿಂಡಬೇಡ. ಸುಮ್ನೆ ಮುಟ್ಟು. ಕಾಳೇ ಹೇಳತ್ತೆ."

ಹೇಳಿದ ಮೇಲೆ ಪ್ರೇಮಕುಮಾರಿಗೇ ಆಶ್ಚರ್ಯವಾಯಿತು. ಒತ್ತು ಒತ್ತು ಎಂದು ಜನ್ಮವೆಲ್ಲ ಹೇಳಿದ ಬಾಯಿ ಅದು.

ಬುಧವಾರ ಫ್ರಾವ್ ಹೇಗೆಲೆ ನಡೆದದ್ದನ್ನೆಲ್ಲ ಕೇಳಿ, ಹೋದ ದಿನ ಹೋದವು, ಇನ್ನುಳಿದ ದಿನಗಳಲ್ಲಿ ಪೆನ್ನು ಬಿಡುವುದನ್ನು ಕಲಿಯೋಣ ಎಂದರಂತೆ. ಬೆರಳು ಸೆಟೆಯತೊಡಗಿದರೆ ಹಟ ಮಾಡಬಾರದು, ಪೆನ್ನು ಕೆಳಗಿಡಬೇಕು, ಏನನ್ನಾದರೂ ಮೃದುವಾಗಿ ಮುಟ್ಟಬೇಕು, ಆಮೇಲೆ ಹಿಡಿಯಬೇಕು. ಶನಿವಾರದ ಹೊತ್ತಿಗೆ ಪೆನ್ನು ಒಂದು ಪುಟಕ್ಕೆ ನಾಲ್ಕೈದು ಸಲ ಕೂಗುತ್ತಿತ್ತು. ಸಾಕೋ ಸಾಲದೋ ಯಾರಿಗೂ ತಿಳಿಯದು.

ಸೋಮವಾರ ಬೆಳಿಗ್ಗೆ ವಂದನಾ ಮೊಸರನ್ನ ಎರಡು ತುತ್ತು ತಿಂದು ಎದ್ದಳು. ಯಶವಂತ ಸ್ಟೇಷನ್ನಿನವರೆಗೆ ಬರ್ತೀನಿ ಎಂದರೆ ಬೇಡವೆಂದಳು. ಪ್ರೇಮಕುಮಾರಿ ಅವಳ ಜಾಕೆಟ್ಟಿನ ಜೇಬಿಗೆ ಏನೋ ಹಾಕಿದ್ದು ಅವಳು ನೋಡಲಿಲ್ಲ.

ಪರೀಕ್ಷೆ ಹತ್ತಕ್ಕೆ. ಹತ್ತು ಹೊಡೆಯುವಾಗ ಪ್ರೇಮಕುಮಾರಿಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ, ದೇವರ ಮುಂದೆಯೂ ಕೂರಲಾಗಲಿಲ್ಲ. ಪೆನ್ನು ಮನೆಯಲ್ಲೇ ಇತ್ತು. ಕೂಗುವ ಪೆನ್ನನ್ನು ಪರೀಕ್ಷೆಗೆ ಬಿಡುವುದಿಲ್ಲ. ಮಗನನ್ನು ಕರೆದರು.

"ಇದನ್ನ ಎರಡಕ್ಕೆ ಇಳಿಸು."

"ಎರಡಾ? ಅಮ್ಮಾ, ಅದು ಎಡೆಬಿಡದೆ ಕೂಗತ್ತೆ."

"ಕೂಗಲಿ. ಇಳಿಸು ಅಂದೆ."

ರಾಮಕೋಟಿಯ ಪುಸ್ತಕ ಬಿಚ್ಚಿ ಬರೆಯತೊಡಗಿದರು. ಕುಂಯ್. ಕುಂಯ್. ಪಕ್ಕದ ಕೋಣೆಯಲ್ಲಿ ಯಶವಂತ ಮೀಟಿಂಗಿನಲ್ಲಿದ್ದ, ಬಾಗಿಲು ಹಾಕಿಕೊಳ್ಳಲಿಲ್ಲ. ಹನ್ನೆರಡಾಯಿತು, ಒಂದಾಯಿತು. ವಂದನಾ ಫೋನ್ ಮಾಡಲಿಲ್ಲ. ಪ್ರೇಮಕುಮಾರಿ ಊಟಕ್ಕೆ ಏಳಲಿಲ್ಲ.

ಒಂದೂವರೆಗೆ ಕೀಲಿಕೈ ತಿರುಗಿದ ಸದ್ದಾಯಿತು. ವಂದನಾ ಶೂ ಬಿಚ್ಚಿ, ಜಾಕೆಟ್ಟನ್ನೂ ತೆಗೆಯದೆ ಬಂದು ಕುರ್ಚಿಯಲ್ಲಿ ಕುಸಿದಳು. ಯಶವಂತ ಕೋಣೆಯ ಬಾಗಿಲಿಗೆ ಬಂದು ನಿಂತ.

"ಏನಾಯ್ತೇ?"

"ಆರನೇ ಪುಟದಲ್ಲಿ ಹಿಡ್ಕೊಳ್ತು ಅತ್ತೆ. ಏಪ್ರಿಲ್‌ನಲ್ಲಿ ಆದ ಹಾಗೇ."

ಪ್ರೇಮಕುಮಾರಿ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಸರಿದರು.

"ಪೆನ್ನು ಕೆಳಗಿಟ್ಟೆ. ಜೇಬಿಗೆ ಕೈ ಹಾಕಿದ್ರೆ ಕಾಳು! ಪರೀಕ್ಷೆ ನೋಡ್ಕೊಳ್ಳೋ ಮೇಡಮ್ಮು ಚೀಟಿ ಅಂದ್ಕೊಂಡು ಓಡಿಬಂದ್ರು. ಮೇಜಿನ ಮೇಲೆ ಹಾಕಿ ತೋರಿಸಿದೆ. ಕಾಳನ್ನ ನೋಡಿದ್ರು, ನನ್ನನ್ನ ನೋಡಿದ್ರು, ಹೋದ್ರು." ವಂದನಾ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೋಡಿಕೊಂಡಳು. "ಕಣ್ಣು ಮುಚ್ಚಿ ಒಂದೊಂದೇ ಮುಟ್ಟಿದೆ. ಎಷ್ಟು ಹೊತ್ತು ಹೋಯ್ತೋ. ಕೈ ಬಿಡ್ತು. ಕೊನೇ ಪ್ರಶ್ನೆ ತನಕ ಬರೆದೆ. ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಪಾಸೋ ಫೇಲೋ ಕಾಗದ ಬಂದ ಮೇಲೇ ಗೊತ್ತಾಗೋದು."

ಯಶವಂತ ಏನೋ ಹೇಳಲು ಬಾಯಿ ತೆರೆದ. "ನಿನ್ನ ಜೊತೆ ಆಮೇಲೆ ಮಾತಾಡ್ತೀನಿ," ಎಂದಳು ವಂದನಾ. "ಮೊದಲು ಊಟ ಹಾಕು, ಹಸಿವಾಗ್ತಿದೆ." ಎಂಟು ದಿನದಲ್ಲಿ ಅವನಿಗೆ ಸಿಕ್ಕ ಅತಿ ಉದ್ದದ ಮಾತು ಅದು. ಅವನು ಓಡಿಹೋಗಿ ಕುಕ್ಕರ್ ತೆರೆದ.

ಆಗ ಅವಳ ಕಣ್ಣು ಮೇಜಿನ ಮೇಲಿನ ಪುಸ್ತಕಕ್ಕೆ ಬಿತ್ತು. ವಕ್ರವಕ್ರ ಗೆರೆಗಳು, ಮಾಸಿದಂತಿದ್ದ ಅಕ್ಷರಗಳು, ಸಾಲು ತಪ್ಪಿ ಏರಿಳಿಯುತ್ತಿದ್ದ ಶ್ರೀರಾಮ.

"ಇದೇನು, ಕೀರ್ತಿ ಗೀಚಿದಾಳಾ?"

"ನಂದೇ."

ವಂದನಾ ನಂಬದೆ ಹಾಳೆ ತಿರುಗಿಸಿ ಹಿಂಭಾಗವನ್ನು ಬೆರಳಿನಿಂದ ಸವರಿದಳು. ಬೆರಳಿಗೆ ಏನೂ ಸಿಗಲಿಲ್ಲ. ಪಕ್ಕದಲ್ಲಿದ್ದ ಫೋನು ನೋಡಿದಳು. ಎರಡು.

"ಬೆಳಿಗ್ಗೆಯಿಂದ ಇದನ್ನೇ ಮಾಡ್ತಿದ್ರಾ?" ಎಂದಳು. ಅವಳ ದನಿ ಬೇರೆಯಾಗಿತ್ತು. "ಎಷ್ಟು ಸಲ ಕುಂಯ್ ಅಂತು?"

"ಮೊದಲನೇ ಪುಟದಲ್ಲಿ ಲೆಕ್ಕವೇ ಇಲ್ಲ. ಈ ಕೊನೇ ಪುಟದಲ್ಲಿ ಒಂದೇ ಸಲ."

"ಯಾವಾಗ?"

ಪ್ರೇಮಕುಮಾರಿ ಪೆನ್ನಿಗೆ ಮುಚ್ಚಳ ಹಾಕಿದರು. "ಬಾಗಿಲಲ್ಲಿ ನಿನ್ನ ಕೀಲಿಕೈ ಸದ್ದು ಕೇಳಿದಾಗ," ಎಂದರು.